ಮರಳಿ ಬರುವ ಖಾತ್ರಿ

ಫೋನ್ ರಿಂಗಾಯಿತು. ಪಂಢರಿನಾಥ ಬಾಯಲ್ಲಿದ್ದ ಅಡಿಕೆಯನ್ನು ದವಡೆಗೆ ಸರಿಸಿ, ಗಂಟಲು ಸಣ್ಣದು ಮಾಡಿಕೊಂಡು, ತನ್ನ ತಾಯಿಯಾದ.

"ಯಾರವಾ?" ಎಂದ, ಎಂಬತ್ತರ ನಡುಕದಲ್ಲಿ.

"ನಾನ್ರಿ ಅಜ್ಜಿ, ಪ್ರಾಚಿ. ವೀಸಾ ಆಫೀಸಿನಾಕಿ. ಎಲ್ಲಾರೂ ಮನ್ಯಾಗ ಅದಾರೇನ್ರಿ?"

"ಎಲ್ಲಿಗೆ ಹೋಗ್ತಾರವಾ. ಗೋದಾ ರೊಟ್ಟಿ ಬಡಿಯಾಕತ್ತಾಳ. ಪಂಢರಿ ಪೇಪರ್ ಓದಾಕತ್ತಾನ. ತಡಿ, ಗೋದಾಗ ಕೊಡತೀನಿ."

ಮೇಜಿನ ಮೇಲೆ ಅಂಗೈಯಿಂದ ಪಟಪಟ ರೊಟ್ಟಿ ಬಡಿದ. ಅಲ್ಲಿದ್ದ ಪೇಪರನ್ನು ಪರಪರ ಎನ್ನಿಸಿದ. ಆಮೇಲೆ ಧ್ವನಿಗೆ ಒಂದಿಷ್ಟು ಖಾರ ಸೇರಿಸಿ ತಂಗಿಯಾದ.

"ಪ್ರಾಚಿ, ಲಗೂನ ಹೇಳು. ಹಂಚು ಕಾದದ."

ಕೊಂಢವಾ ಬಡಾವಣೆಯ ಆ ಫ್ಲ್ಯಾಟಿನಲ್ಲಿದ್ದದ್ದು ಅವನೊಬ್ಬನೇ. ತಾಯಿ ರಂಗೂಬಾಯಿ ತೀರಿಕೊಂಡು ವರ್ಷಗಳಾಗಿದ್ದವು. ತಂಗಿ ಗೋದಾ ಹುಟ್ಟಿಯೇ ಇರಲಿಲ್ಲ. ಮೂರು ಬಾಯಿ, ಒಂದೇ ಹೊಟ್ಟೆ. ಇಷ್ಟು ಅಗ್ಗದ ಕುಟುಂಬ ಪುಣೆಯಲ್ಲಿ ಇನ್ನೊಂದಿರಲಿಕ್ಕಿಲ್ಲ.

ಇದೆಲ್ಲ ಶುರುವಾದದ್ದು ಟೂರ್ ಏಜೆಂಟ್ ಅಭಿಲಾಷನಿಂದ. ನಮ್ಮ ಕಡೆಯವರು ಎಂಬ ಸಲುಗೆಯಲ್ಲಿ ಅವನು ನೇರವಾಗಿಯೇ ಹೇಳಿದ್ದ: "ಪಾಸ್‌ಪೋರ್ಟಿನ್ಯಾಗ ಪಾಸ್ ಆಗೀರಿ, ವೀಸಾದಾಗ ಫೇಲ್ ಆಗ್ತೀರಿ ನೋಡ್ರಿ. ಹೆಂಡತಿ ಇಲ್ಲ, ಮಕ್ಕಳಿಲ್ಲ, ನೌಕರಿ ಮುಗದದ. ನೀವು ತಿರುಗಿ ಬರ್ತೀರಿ ಅನ್ನಾಕ ಏನ್ ಖಾತ್ರಿ? ಹಿಂದಕ್ಕ ಜಗ್ಗೋರು ಯಾರರೆ ಇರಬೇಕ್ರಿ."

ಜಗ್ಗುವವರು ಎಲ್ಲಿಂದ ಬರಬೇಕು? ಹಾಲಿನವನು ಕೂಡ ಚೀಲವನ್ನು ಬಾಗಿಲಿಗೆ ತೂಗುಹಾಕಿ, ಮುಖ ನೋಡದೆ ಹೋಗುತ್ತಿದ್ದ.

ಪಂಢರಿನಾಥನಿಗೆ ಸ್ವಿಟ್ಜರ್‌ಲ್ಯಾಂಡಿಗೆ ಹೋಗಬೇಕಿತ್ತು. ಹಿಮ ನೋಡಲಿಕ್ಕಲ್ಲ. ಅಲ್ಲಿ ಬೆಟ್ಟದೆದುರು ನಿಂತು ಕೂಗಿದರೆ ಬೆಟ್ಟ ತಿರುಗಿ ಕೂಗುತ್ತದೆಂದು ಕೇಳಿದ್ದ. ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಅವರ ಸ್ಕೂಟರಿನವರೆಗೆ ಎಲ್ಲರ ದನಿಯನ್ನೂ ಅಣಕಿಸಿ ತೆಗೆದಿದ್ದವನು ಅವನು. ತನ್ನ ದನಿಯನ್ನು ಯಾರಾದರೂ ತೆಗೆಯುವುದನ್ನು ಒಮ್ಮೆ ಕೇಳುವ ಆಸೆ.

ಅದಕ್ಕೇ ಅರ್ಜಿಯಲ್ಲಿ ಬರೆದ: ನನ್ನನ್ನೇ ನಂಬಿದ ತಾಯಿ ಮತ್ತು ತಂಗಿ.

ಅರ್ಜಿಗಳನ್ನು ಪರಿಶೀಲಿಸುವ ವಿಮಾನ ನಗರ ಬಡಾವಣೆಯ ಆಫೀಸಿನಿಂದ ಫೋನ್ ಬಂತು. ಹಿಂದೆ ಪ್ರಿಂಟರುಗಳ ಗದ್ದಲ. ಹುಡುಗಿ ಮರಾಠಿಯಲ್ಲಿ ಶುರುಮಾಡಿ, 'ರಂಗೂಬಾಯಿ'ಯ ಮಾತು ಕೇಳುತ್ತಲೇ ಬೆಳಗಾವಿ ಕನ್ನಡಕ್ಕೆ ಹೊರಳಿದಳು. ಹೆಸರು, ವಯಸ್ಸು, ಯಾರು ಯಾರನ್ನು ಸಾಕುತ್ತಾರೆ. ಮುಗಿಯಿತು ಅಂದುಕೊಂಡ.

ಮುಗಿಯಲಿಲ್ಲ. ಮುಂದಿನ ವಾರ ಮತ್ತೆ ಫೋನ್. ಅದರ ಮುಂದಿನ ವಾರವೂ. ಈಗ ಹಿಂದೆ ಪ್ರಿಂಟರಿನ ಸದ್ದಿಲ್ಲ, ಬರೀ ಫ್ಯಾನಿನ ಕಿರಕಿರ. ಪ್ರಶ್ನೆಗಳೂ ಬೇರೆ. ಅಜ್ಜಿಯ ಮೊಣಕಾಲು ನೋವು ಇಳಿಯಿತೆ? ಗೋದಾ ಆತ್ಯಾ ಸಾರಿಗೆ ಬೆಲ್ಲ ಹಾಕುತ್ತಾರೊ ಇಲ್ಲವೊ? ಇವಳು ಚಾಲಾಕಿ, ಅಡ್ಡಪ್ರಶ್ನೆ ಹಾಕಿ ಸುಳ್ಳು ಹಿಡಿಯುತ್ತಾಳೆ ಎಂದು ಪಂಢರಿನಾಥ ಹುಷಾರಾದ. ಹೇಳಿದ್ದು ಮರೆಯಬಾರದೆಂದು ಗೋದಾ ಆಗಿ ಮಾಡಿದೆನೆಂದ ಪಲ್ಯವನ್ನೇ ಮಾಡತೊಡಗಿದ. ಅವ್ವನ ಮೊಣಕಾಲಿಗೆಂದು ಎಣ್ಣೆ ತಂದ.

ರೂಢಿ ಎಷ್ಟು ಆಳಕ್ಕಿಳಿಯಿತೆಂದರೆ, ಒಂದು ಮಧ್ಯಾಹ್ನ ಕೊರಿಯರಿನವನು ಬೆಲ್ ಒತ್ತಿದಾಗ "ಅಲ್ಲೇ ಇಡಪಾ, ಮಗಾ ಬರ್ತಾನ" ಎಂದು ತಾಯಿಯಾಗಿಯೇ ಕೂಗಿ, ಆಮೇಲೆ ಮಗನಾಗಿ ಹೋಗಿ ಲಕೋಟೆ ಎತ್ತಿಕೊಂಡು ಬಂದ.

ಚಳಿ ಬಂತು. ಪ್ರವಾಸಕ್ಕೆಂದು ಕೊಂಡ ಉಣ್ಣೆಯ ಸ್ವೆಟರು ಮನೆಯಲ್ಲೇ ಹಾಕಿ ಹಾಕಿ ಮೊಣಕೈಯಲ್ಲಿ ಸವೆಯಿತು. ರವಿವಾರ ಅವನು ಹೊರಗೆ ಹೋಗುವುದನ್ನೇ ಬಿಟ್ಟ. ಒಂದು ಸ್ವರ ಜಾರಿದರೆ ಎಲ್ಲ ಮುಗಿಯಿತು. ಆ ಭಯವೊಂದೇ ಎಂದು ತನಗೆ ತಾನೇ ಹೇಳಿಕೊಂಡ.

"ಬರೋ ರವಿವಾರ ಮನಿಗೇ ಬರ್ತೀನ್ರಿ ಕಾಕಾ," ಎಂದಳು ಒಮ್ಮೆ. "ಎಲ್ಲಾರನ್ನೂ ಕಣ್ಣಿಲೆ ನೋಡಬೇಕು."

ಎರಡು ದನಿಗಳಿಗೆ ಈಗ ಮೈ ಬೇಕಾಯಿತು.

ತಾಯಿಯ ಹಳೆಯ ಸೀರೆಯನ್ನು ಒದ್ದೆ ಮಾಡಿ ಬಾಲ್ಕನಿಗೆ ಹಾಕಿದ. ಹೆಂಗಸರ ಚಪ್ಪಲಿ ಕೊಂಡು, ಹೊಸದೆಂದು ಕಾಣದಂತೆ ನೆಲಕ್ಕೆ ಉಜ್ಜಿ ಬಾಗಿಲಲ್ಲಿಟ್ಟ. ಅಡುಗೆಮನೆಗೆ ಪರದೆ ಕಟ್ಟಿದ.

ಪ್ರಾಚಿ ಬಂದಳು. ಸಣಕಲು ಹುಡುಗಿ. ಕೊರಳಲ್ಲಿ ಆಫೀಸಿನ ಕಾರ್ಡ್ ಇಲ್ಲ, ಕೈಯಲ್ಲಿ ಫೈಲ್ ಇಲ್ಲ. ಬೆಳಗಾವಿ ಕುಂದಾ ಸಿಹಿಯ ಡಬ್ಬಿಯೊಂದು ಮಾತ್ರ.

"ಆತ್ಯಾ ಎಲ್ರಿ ಕಾಕಾ?"

"ಕಾಯಿಪಲ್ಯಾ ತರಾಕ ಹೋಗ್ಯಾಳ."

"ಅಜ್ಜಿ?"

"ಒಳಗದಾಳ. ಮೊಣಕಾಲು ಹಿಡದದ, ಏಳಂಗಿಲ್ಲ. ಕುಂದ್ರು, ಚಹಾ ತರ್ತೀನಿ." ಪರದೆಯ ಹಿಂದೆ ಸರಿದು ಹಾಲು ಕಾಯಲಿಟ್ಟ. ಗಂಟಲು ಸಣ್ಣದಾಯಿತು. "ಬಂದೇನವಾ ಪ್ರಾಚಿ? ಊಟ ಆತೇನು?"

ಹೆಜ್ಜೆಗಳು ಪರದೆಯವರೆಗೆ ಬಂದವು. ಅವನು ಪರದೆಯ ಅಂಚನ್ನು ಒಳಗಿನಿಂದ ಹಿಡಿದ. ಹೆಜ್ಜೆಗಳು ಅಲ್ಲೇ ನಿಂತವು.

"ಅಜ್ಜಿ," ಎಂದಳು ಅವಳು ಪರದೆಗೆ, "ಕಾಕಾನ ಮುಂದ ಹೇಳಾಕ ಹೆದರಿಕಿ, ನಿಮಗ ಹೇಳತೀನಿ. ವೆರಿಫಿಕೇಶನ್ ಮೊದಲನೇ ಫೋನಿಗೇ ಮುಗದಿತ್ರಿ. ಆ ನೌಕರಿನೂ ಬಿಟ್ಟು ಭಾಳ ದಿನ ಆತು. ಈ ಊರಾಗ ನನಗ ಊಟ ಆತೇನು ಅಂತ ಕೇಳೋರು ಯಾರೂ ಇಲ್ಲ. ನಿಮ್ಮನ್ಯಾಗ ಎಷ್ಟು ಮಂದಿ ಮಾತಾಡ್ತೀರಿ... ಅದನ್ನ ಕೇಳಾಕ ಫೋನ್ ಮಾಡ್ತಿದ್ದೆ. ಸಿಟ್ಟಾಗಬ್ಯಾಡ್ರಿ."

ಹಾಲು ಉಕ್ಕಿ ಒಲೆ ಆರಿತು. ಪಂಢರಿನಾಥ ಗ್ಯಾಸ್ ಬಂದ್ ಮಾಡಿದ. ಸಾಸಿವೆ ಡಬ್ಬಿಯ ಹಿಂದೆ ಕೈಹಾಕಿ, ಕೊರಿಯರಿನ ಲಕೋಟೆಯಿಂದ ಪಾಸ್‌ಪೋರ್ಟ್ ತೆಗೆದ. ಪರದೆ ಸರಿಸಿ ಬಂದು ಅವಳ ಕೈಗಿಟ್ಟ.

ಪ್ರಾಚಿ ಪುಟ ತಿರುಗಿಸಿದಳು. ವೀಸಾ ಇತ್ತು. ಅದರ ಅವಧಿ ಎಂದೋ ಮುಗಿದಿತ್ತು. ಉಳಿದ ಪುಟಗಳ ಮೇಲೆ ಒಂದು ಠಸೆಯೂ ಇರಲಿಲ್ಲ.

"ಸಿಕ್ಕಿತ್ತಲ್ರಿ ಕಾಕಾ. ಮತ್ತ ಯಾಕ ಹೋಗಲಿಲ್ಲ?"

"ನಾ ಹೋಗಿದ್ರ ನಿನ್ನ ಫೋನ್ ಯಾರು ಎತ್ತಬೇಕಿತ್ತವಾ?" ಎಂದ ಪಂಢರಿನಾಥ, ಅವಳೆದುರೇ ನಿಂತು, ರಂಗೂಬಾಯಿಯ ದನಿಯಲ್ಲಿ.