ಶುಕ್ರವಾರ ತಪ್ಪಿಸಿದ್ದು

ಫೋನಿನಲ್ಲಿ ಗಂಟೆಗಳು ಮೊಳಗುತ್ತಿದ್ದವು. ಅದರ ನಡುವೆ ಸ್ಪೇನಿನ ಕೊರ್ಡೋಬಾದಿಂದ ಗೈಡ್ ಕೂಗುತ್ತಿದ್ದ. "ಮೇಡಂ, ಮಸೀದಿ ಬಾಗಿಲು ಹಾಕಿದ್ರು! ಪ್ರವಾಸಿ ಹಡಗಿನ ಜನ ಎಲ್ಲ ಬೀದೀಲಿ ನಿಂತಿದ್ದಾರೆ."

ಮಸ್ಕತ್ತಿನ ಟ್ರಾವೆಲ್ ಆಫೀಸಿನಲ್ಲಿ ಕುಳಿತ ವಾರಿಜಾಕ್ಷಿಗೆ ಅರ್ಥವಾಗಲಿಲ್ಲ. "ಮಸೀದಿಗೆ ಭಾನುವಾರ ಎಂಥ ರಜೆ?"

"ಹೆಸರು ಮಾತ್ರ ಮಸೀದಿ. ಒಳಗಿರೋದು ಇಗರ್ಜಿ. ಪ್ರಾರ್ಥನೆ ಮುಗಿಯೋ ತನಕ ಬಿಡಲ್ಲ, ಅಷ್ಟರಲ್ಲಿ ಹಡಗು ಹೊರಡುತ್ತೆ."

ಶುಕ್ರವಾರದಿಂದ ಮೂರು ದಿನ ಹಡಗು ಬಂದರಿನಲ್ಲಿತ್ತು; ಅಲ್ಲಿಂದ ಕೊರ್ಡೋಬಾಕ್ಕೆ ಬಸ್ಸಿನಲ್ಲಿ ಹೋಗಬೇಕು. ಶುಕ್ರವಾರ ಮಸೀದಿಯೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಇಲ್ಲಿಯ ಹಾಗೆಯೇ ಅಲ್ಲಿಯೂ ಎಂದುಕೊಂಡು, ಯಾರನ್ನೂ ಕೇಳದೆ ಶುಕ್ರವಾರದ ಪ್ರವಾಸವನ್ನು ಭಾನುವಾರಕ್ಕೆ ಹಾಕಿದವಳು ಅವಳೇ. ಎಣ್ಣೆಯ ಬೆಲೆ ಬಿದ್ದು ಗಂಡನ ಕೆಲಸ ಹೋದ ಮೇಲೆ ಸಂಸಾರ ಒಮಾನಿನಲ್ಲಿ ಉಳಿದದ್ದು ಅವಳ ಈ ಕೆಲಸದಿಂದ.

ಪಕ್ಕದ ಮೇಜಿನ ಕೊಗ್ಗ ಬಗ್ಗಿ ಕೇಳಿ ನಕ್ಕ. "ಎಂತ ಮಾರಾಯ್ತಿ, ದೇವರ ಬಾಗಿಲಿಗೇ ಬೀಗ ಹಾಕಿಸಿದ್ಯಾ?"

ಅಷ್ಟರಲ್ಲಿ ಮ್ಯಾನೇಜರ್ ಹೊರಗೆ ಬಂದರು. ದನಿ ಏರಿಸಲಿಲ್ಲ. "ಹಡಗಿನವರು ಹೆಸರು ಕೇಳ್ತಿದ್ದಾರೆ. ದಿನ ಬದಲಿಸಿದ್ದು ಯಾರು?"

ವಾರಿಜಾಕ್ಷಿ ಕೊಗ್ಗನ ಕಡೆ ತಿರುಗಿದಳು. ಅವನು ಅವಳತ್ತ ನೋಡದೆ, ಯಾವ ಕರೆಯೂ ಬಾರದಿದ್ದರೂ, ಹೆಡ್‌ಫೋನನ್ನು ಮೆಲ್ಲಗೆ ಕಿವಿಗೆ ಏರಿಸಿಕೊಂಡ.