ಹತ್ತೂ ನಲವತ್ತರ ಕರೆ

"ಕರೆ ಮಾಡಿದ್ದು ನೀನೇ. ಒಪ್ಪಿಕೊಂಡು ಸಹಿ ಹಾಕು."

ಕ್ವಾರಿ ಗೇಟಿನ ಕೋಣೆಯಲ್ಲಿ ಸುರಕ್ಷತಾ ಅಧಿಕಾರಿ ಕಾಗದವನ್ನು ಮೇಜಿನ ಮೇಲೆ ಕುಕ್ಕಿದರು. ಎದುರಿಗೆ ನಿಂತವಳು ಕ್ವಾರಿಯಲ್ಲಿ ಬಂಡೆಗೆ ಮದ್ದು ತುಂಬುವವನ ಹೆಂಡತಿ. ನಿನ್ನೆ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಅವನು ತಂತಿ ಜೋಡಿಸುತ್ತಿದ್ದಾಗ ಜೇಬಿನಲ್ಲಿದ್ದ ಫೋನ್ ರಿಂಗಾಯಿತು. ಮದ್ದಿಗೆ ಕಿಡಿ ಕೊಡುವ ಕೇಪು ಕೈಯಲ್ಲೇ ಸಿಡಿದು ಬಲಗೈಯ ಮೂರು ಬೆರಳು ಹೋದವು. ಕುಳಿಗೆ ಇನ್ನೂ ಮದ್ದು ಇಳಿಸಿರಲಿಲ್ಲ, ಇಲ್ಲದಿದ್ದರೆ ಆಳೇ ಉಳಿಯುತ್ತಿರಲಿಲ್ಲ.

ಕೇಪಿನ ಹತ್ತಿರ ಫೋನ್ ಸುಳಿಯಬಾರದೆಂದು ಕ್ವಾರಿಯ ಕೂಸಿಗೂ ಗೊತ್ತು. ಅದಕ್ಕೇ ಗೇಟಿನಲ್ಲಿ ಕಬ್ಬಿಣದ ಪೆಟ್ಟಿಗೆ. ಒಳಹೋಗುವವರು ಫೋನನ್ನು ಅದರ ಕಿಂಡಿಯಲ್ಲಿ ಹಾಕಿ ತಾವೇ ಬಿಲ್ಲೆ ತೆಗೆದುಕೊಳ್ಳಬೇಕು. ಬೀಗದ ಕೈ ಅಧಿಕಾರಿಗಳ ಕೊರಳಲ್ಲಿ, ಆಳುಗಳ ಬಾಯಲ್ಲಿ ಅವರು 'ಬೀಗದ ಸಾಹೇಬರು'. ದಿನಾ ಹತ್ತೂವರೆಗೆ ಪೆಟ್ಟಿಗೆಗೆ ಕಿವಿಗೊಟ್ಟು ನಿಂತು ಗೋಡೆಯ ಪಟ್ಟಿಯಿಂದ ಯಾವುದೋ ಒಬ್ಬ ಆಳಿನ ನಂಬರ್ ಒತ್ತುತ್ತಿದ್ದರು. ಪೆಟ್ಟಿಗೆಯೊಳಗೆ ಸದ್ದಾದರೆ ಆ ಆಳು ಸಾಚಾ. ಆ ಜಾಣತನಕ್ಕೆ ಕಂಪನಿ ಕೊಟ್ಟ ಪ್ರಶಸ್ತಿಪತ್ರ ಅವರ ತಲೆಯ ಮೇಲೇ ತೂಗುತ್ತಿತ್ತು.

"ನಾನು ಮಾಡಿಲ್ಲ ಸಾರ್."

"ಮತ್ಯಾರು ಮಾಡ್ತಾರೆ? ಕೆಲಸದ ಹೊತ್ತಲ್ಲಿ ಗಂಡನ ಪ್ರಾಣ ತಿನ್ನೋಳು ಹೆಂಡ್ತಿ ಬಿಟ್ರೆ ಇನ್ಯಾರು?"

ಅವಳ ಮೈಯೆಲ್ಲ ಉರಿಯಿತು. ಸಿಟ್ಟು ಒಬ್ಬರ ಮೇಲಲ್ಲ. ನಿನ್ನೆ ಮಗಳ ಕನ್ನಡಕ ಮುರಿದದ್ದಕ್ಕೆ ಜಗಳ ತೆಗೆದು ಗಂಡನನ್ನು ಕೆಂಡ ಮಾಡಿ ಕಳಿಸಿದ್ದು ಅವಳೇ. ಆ ಕೋಪದಲ್ಲಿ ಅವನು ಬಿಲ್ಲೆಯನ್ನೇನೋ ತೆಗೆದುಕೊಂಡ, ಫೋನ್ ಹಾಕುವುದನ್ನು ಮರೆತ. ಮರೆತವನ ಮೇಲೂ ಸಿಟ್ಟು, ಮರೆಸಿದ ತನ್ನ ಮೇಲೂ ಸಿಟ್ಟು. ಆದರೆ ಮಾಡದ ತಪ್ಪಿಗೆ ಸಹಿ ಹಾಕಿದರೆ, ಅಮ್ಮನ ಕರೆಯಿಂದಲೇ ಅಪ್ಪನ ಬೆರಳು ಹೋದವೆಂದು ಮಗಳು ಜೀವಮಾನವಿಡೀ ನಂಬುತ್ತಾಳೆ. ಅವಳು ಕೈಚೀಲವನ್ನು ಎದೆಗೆ ಒತ್ತಿ ಹಿಡಿದಳು.

ಅಧಿಕಾರಿಗಳು ಅದನ್ನು ಗಮನಿಸಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ನಿನ್ನ ಫೋನ್ ತಾನೇ ಅದರಲ್ಲಿರೋದು? ಎಲ್ಲಾ ಅಳಿಸಿ ತಂದಿರ್ತೀಯ."

ಬಾಗಿಲಲ್ಲಿದ್ದ ಗೇಟಿನ ಮುದುಕ ಕೆಮ್ಮಿದ. "ಸಾರ್, ನಿನ್ನೆ ಪೆಟ್ಟಿಗೆ ಮುಂದೆ..."

"ನಿನ್ನ ಕೇಳಿದ್ನಾ ನಾನು? ಹೊರಗೆ ನಿಲ್ಲು."

ಮುದುಕ ಕದಲಲಿಲ್ಲ.

"ಯಾರೋ ಫೋನ್ ಒಳಗೆ ತಗೊಂಡು ಹೋಗಿದ್ದಾರೆ ಅಂತ ಸಿಡಿಯೋಕೆ ಮೊದಲೇ ನನಗೆ ಗೊತ್ತಾಗಿತ್ತು," ಎಂದರು ಅಧಿಕಾರಿ. "ಹಿಡಿಯೋಕೆ ಅಂತ ಬಂಡೆ ಕಡೆ ಹೊರಟೇ ಬಿಟ್ಟಿದ್ದೆ. ಅಷ್ಟರಲ್ಲಿ ನಿನ್ನ ಕರೆ. ಅವನ ಫೋನ್ ಚೂರಾಯ್ತು ಅಂತ ಬದುಕ್ಕೊಂಡೆ ನೀನು. ಇಲ್ದಿದ್ರೆ ಸಾಕ್ಷಿ ಸಮೇತ ತೋರಿಸ್ತಿದ್ದೆ."

"ಚೂರಾಗಿಲ್ಲ ಸಾರ್."

ಅಧಿಕಾರಿಗಳು ಮೇಜಿಗೆ ಕುಟ್ಟುತ್ತಿದ್ದ ಪೆನ್ನು ನಿಂತಿತು.

"ಹಿಂದಿನ ಜೇಬಲ್ಲಿತ್ತು. ಆಸ್ಪತ್ರೆಯವರು ಬಟ್ಟೆ ಜೊತೆ ಕೊಟ್ರು." ಕೈಚೀಲದಿಂದ ಗಾಜು ಬಿರಿದ ಫೋನ್ ಹೊರಬಂತು. "ಎರಡು ಕರೆ ಬಂದಿದೆ. ಎರಡೂ ಒಂದೇ ನಂಬರು. ಹೆಸರಿಲ್ಲ, ನನ್ನದಂತೂ ಅಲ್ಲ. ಮೊದಲನೇದು ಹತ್ತೂವರೆಗೆ, ಇನ್ನೊಂದು ಹತ್ತೂ ನಲವತ್ತಕ್ಕೆ. ಯಾರದು ಅಂತ ನಿಮ್ಮ ಎದುರಿಗೇ ನೋಡೋಣ ಅಂತ ತಂದೆ."

"ಇಲ್ಲಿ ಫೋನ್ ತೆಗೆಯೋ ಹಾಗಿಲ್ಲ." ಅಧಿಕಾರಿ ಎದ್ದು ಕೈ ಚಾಚಿದರು. "ಪೆಟ್ಟಿಗೆಗೆ ಹಾಕು. ನಿಯಮ ಎಲ್ಲರಿಗೂ ಒಂದೇ."

ಕ್ವಾರಿ ಇಂದು ಮುಚ್ಚಿತ್ತು. ಒಳಗೆ ಒಬ್ಬ ಆಳೂ ಇರಲಿಲ್ಲ, ಒಂದು ಕೇಪೂ ಇರಲಿಲ್ಲ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಆ ನಂಬರಿಗೆ ಹಸಿರು ಗುಂಡಿ ಒತ್ತಿದಳು.

ಕಬ್ಬಿಣದ ಪೆಟ್ಟಿಗೆ ಸುಮ್ಮನಿತ್ತು. ರಿಂಗಾಗಿದ್ದು ಬೀಗದ ಸಾಹೇಬರ ಅಂಗಿಯ ಜೇಬು.