ಫಾದರ್ ಮನೆಗೆ ಹೋದ ಪಾರ್ಸೆಲ್

ಪಾರ್ಸೆಲ್ ಅದಲುಬದಲಾಗಿದೆಯೆಂದು ಫಿಂಟನ್ ಮೇಷ್ಟ್ರಿಗೆ ಅದನ್ನು ಕೈಗೆತ್ತಿಕೊಂಡಾಗಲೇ ತಿಳಿಯಿತು. ತೀರಾ ಹಗುರ.

"ಲಂಡನ್ನಿಂದ ಎರಡು ಬಂದಿದ್ವು ಮೇಷ್ಟ್ರೇ," ಎಂದ ಅಂಚೆಪೇದೆ ಮಾಸಿ. "ಮಳೇಲಿ ನೆಂದು ವಿಳಾಸದ ಚೀಟಿ ಎರಡೂ ಕಿತ್ಕೊಂಡು ಹೋಗಿವೆ. ದಪ್ಪಗಿರೋದು ಬೈಬಲ್ಲೇ ಇರ್ಬೇಕು ಅಂತ ಫಾದರ್ ಮನೆಗೆ ಕೊಟ್ಬಿಟ್ಟೆ."

ಅದು ಬೈಬಲ್ ಆಗಿರಲಿಲ್ಲ. ಮೇಷ್ಟ್ರು ಸುಳ್ಳು ಹೆಸರಿನಲ್ಲಿ ಬರೆದ ಕಾದಂಬರಿಯ ಅಚ್ಚಿನ ಕರಡು. ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ವಿಧವೆ, ಒಬ್ಬ ಕುದುರೆ ವ್ಯಾಪಾರಿ, ಒಂದು ಹುಲ್ಲಿನ ಮೆದೆ. ಜೊತೆಗೆ ಪ್ರಕಾಶಕರ ಪತ್ರ; ಅದರಲ್ಲಿ ಮೇಷ್ಟ್ರ ನಿಜವಾದ ಹೆಸರು.

ಕ್ಲೇರ್ ಸೀಮೆಯ ಆ ಊರಿನಲ್ಲಿ ಶಾಲೆಯ ಯಜಮಾನಿಕೆ ಪಾದ್ರಿಯದು. ಫಾದರ್ ಲಾಫ್ನನ್ ಬೇಡವೆಂದರೆ ಕೆಲಸ ಹೋಯಿತು, ಶಾಲೆಯವರು ಕೊಟ್ಟ ಮನೆಯೂ ಹೋಯಿತು. ಇಂಥದೇ ಪುಸ್ತಕ ಬರೆದ ಪಕ್ಕದೂರಿನ ಮೇಷ್ಟ್ರು ಈಗ ಬರ್ಮಿಂಗ್‌ಹ್ಯಾಮಿನಲ್ಲಿ ಇಟ್ಟಿಗೆ ಹೊರುತ್ತಿದ್ದರು.

ಹೆಂಡತಿ ನೂಲಾ ಬಿಳಿಚಿಕೊಂಡಳು. "ಹಿಟ್ಟಿನ ಡಬ್ಬೀಲಿರೋ ಇಸೊಬೆಲ್ ಫಾರ್ಲೇನೂ ಒಲೆಗೆ ಹಾಕ್ಲಾ?"

ಮಿಸ್ ಇಸೊಬೆಲ್ ಫಾರ್ಲೇ ಸರ್ಕಾರ ನಿಷೇಧಿಸಿದ ಪ್ರೇಮಕಥೆಗಳ ಲೇಖಕಿ. ಹೋದ ಚಳಿಗಾಲ ಫಾದರ್ ಆಕೆಯ ಪುಸ್ತಕವನ್ನು ಚರ್ಚಿನ ಪೀಠದಿಂದ ಪುಟಸಂಖ್ಯೆ ಸಮೇತ ಬೈದಿದ್ದರು. ಊರಿನ ಹೆಂಗಸರು ಅದನ್ನು ಕದ್ದು ತರಿಸಿಕೊಂಡದ್ದು ಆ ಬೈಗುಳ ಕೇಳಿದ ಮೇಲೆಯೇ.

ಪಾದ್ರಿಯ ಪಾರ್ಸೆಲ್ ಬಿಚ್ಚುವ ಧೈರ್ಯ ಯಾರಿಗಿತ್ತು? ಮೇಷ್ಟ್ರು ಅದನ್ನು ಕಂಕುಳಲ್ಲಿ ಅವುಚಿಕೊಂಡು ನಡೆದರು.

ಬಾಗಿಲು ತೆರೆದ ಮನೆಗೆಲಸದ ಮಿಸೆಸ್ ಕನ್ಸಿಡಿನ್ ಪಿಸುದನಿಯಲ್ಲಿ ಗೋಳು ತೋಡಿಕೊಂಡಳು. ಪಾರ್ಸೆಲ್ ಬಿಚ್ಚಿದಾಗಿನಿಂದ ಫಾದರ್ ತಿಂಡಿ ಮುಟ್ಟಿಲ್ಲ, ಮೊಟ್ಟೆ ತಣ್ಣಗಾಗಿದೆ, ಮಾಸಿಯನ್ನು ಹುಡುಕಲು ತನ್ನನ್ನು ಎರಡು ಸಲ ಓಡಿಸಿದರು. ಮೊದಲೇ ಹತ್ತು ನಿಮಿಷದ ಪ್ರವಚನಕ್ಕೆ ವಾರವಿಡೀ ಟೈಪ್ ಮಾಡಿ ಮಾಡಿ ಆರೋಗ್ಯ ಕೆಡಿಸಿಕೊಂಡ ಮನುಷ್ಯ.

ಒಳಗೆ ಮೇಜಿನ ಮೇಲೆ ಕರಡು ಹರಡಿತ್ತು. ಫಾದರ್ ಕಣ್ಣು ಮೇಷ್ಟ್ರ ಮುಖದ ಮೇಲಿರಲಿಲ್ಲ, ಕಂಕುಳಿನ ಮೇಲಿತ್ತು.

"ಬಿಚ್ಚಿದ್ರಾ?"

"ಇಲ್ಲ ಫಾದರ್."

"ನಾನು ಬಿಚ್ಚಿದೆ. ಒಂಬತ್ತನೇ ಅಧ್ಯಾಯ ಎರಡು ಸಲ ಓದಿದೆ."

ಮೇಷ್ಟ್ರಿಗೆ ಮೂವರು ಮಕ್ಕಳ ಮುಖ ಒಂದಾದಮೇಲೊಂದು ಕಣ್ಣಮುಂದೆ ಬಂತು.

ಫಾದರ್ ಎದ್ದು ಬಾಗಿಲಿಗೆ ಚಿಲಕ ಹಾಕಿದರು. ಪಾರ್ಸೆಲ್ ಕಿತ್ತುಕೊಂಡು ದಾರ ಹರಿದರು.

"ಆ ವಿಧವೆ ಬರೀ ಮರದ ಗೊಂಬೆ ಮೇಷ್ಟ್ರೇ. ಹೆಂಗಸರು ಹಂಗೆ ಮಾತಾಡಲ್ಲ. ಸೋಮವಾರ ಶಾಲೆ ಮುಗಿಸ್ಕೊಂಡು ಬನ್ನಿ, ತಿದ್ದಿಕೊಡ್ತೀನಿ. ನೀವು ಬಾಯಿ ಬಿಡ್ಬೇಡಿ, ನಾನೂ ಬಿಡಲ್ಲ."

ಹೀಗೆಂದು ಅವರು ಪಾರ್ಸೆಲ್ಲಿನೊಳಗಿದ್ದ ಕರಡನ್ನು ಮೇಷ್ಟ್ರ ಮುಂದೆ ತಳ್ಳಿದರು. ಮೊದಲ ಹಾಳೆಯ ಮೇಲೆ, ಪುಸ್ತಕದ ಹೆಸರಿನ ಕೆಳಗೆ ಅಚ್ಚಾಗಿತ್ತು: ಮಿಸ್ ಇಸೊಬೆಲ್ ಫಾರ್ಲೇ.